ರಾಮನಗರದಿಂದ ಮೇಘಕ್ಕೆ

ಕಾಳಿದಾಸನ ಯಕ್ಷನು ಮೇಘದ ಕೈಯಲ್ಲಿ ಸಂದೇಶ ಕಳುಹಿಸಿದ್ದು ರಾಮಗಿರಿಯಿಂದ. ನಾನು ನಮ್ಮ ಕಾಲೇಜಿನ ಹದಿಮೂರು ವರ್ಷಗಳ ಪತ್ರಗಳನ್ನು ಮೇಘಕ್ಕೆ ಏರಿಸಹೊರಟದ್ದು ರಾಮನಗರದಿಂದ. ಹೆಸರುಗಳ ಈ ಸಾಮ್ಯವನ್ನು ಕಂಡು ಮೊದಲ ದಿನ ನನಗೆ ಹಿಗ್ಗೇ ಆಯಿತೆಂದು ಒಪ್ಪಿಕೊಳ್ಳಬೇಕು, ಕನ್ನಡ ಎಂ.ಎ. ಮಾಡಿದವರ ಚಪಲವೇ ಅಂಥದು. ಆದರೆ ಯಕ್ಷನಿಗಿದ್ದ ಒಂದು ಅನುಕೂಲ ನನಗಿರಲಿಲ್ಲ. ಅವನ ಮೇಘವು ಹಿಂದಿರುಗಿ ಬಂದು ವರದಿ ಒಪ್ಪಿಸುವುದಿಲ್ಲ; ಕಾವ್ಯ ಅದಕ್ಕೆ ಮೊದಲೇ ಮುಗಿದುಹೋಗುತ್ತದೆ. ನನ್ನ ಮೇಘವು ವರದಿ ಒಪ್ಪಿಸಿತು. ‘ಸಾಗಾಟ ಸಂಪೂರ್ಣ’ ಎಂದು ಹಸಿರು ಅಕ್ಷರಗಳಲ್ಲಿ ಸಾರಿತು. ಅದು ಸುಳ್ಳಾಗಿತ್ತು.

ರಾಮನಗರವೆಂದೊಡನೆ ವಾಚಕರ ಕಣ್ಣಮುಂದೆ ರೇಷ್ಮೆಗೂಡಿನ ಮಾರುಕಟ್ಟೆಯೂ ‘ಶೋಲೆ’ ಚಿತ್ರದ ಬಂಡೆಗಳೂ ಬಂದು ನಿಂತಿರಬಹುದು. ಅದು ಬೆಂಗಳೂರಿನ ಮಗ್ಗುಲಿನ ರಾಮನಗರ. ನಮ್ಮದು ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನದು. ಬೆಳಗಾವಿಯಿಂದ ಅನಮೋಡ ಘಟ್ಟವಿಳಿದು ಗೋವೆಗೆ ಹೋಗುವ ಹೆದ್ದಾರಿಯ ಮೇಲಿದೆ. ಕಾಳಿ ನದಿಗೆ ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಿತು. 1987ರಲ್ಲಿ ಕೆಲಸ ಮುಗಿಯಿತು. ಸೂಪಾ ಪೇಟೆಯೂ ಸುತ್ತಣ ಹಳ್ಳಿಗಳೂ ನೀರಿನ ಕೆಳಗೆ ಹೋದವು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು. ಮನೆ ಕಳೆದುಕೊಂಡ ಕುಟುಂಬಗಳಲ್ಲಿ ಅನೇಕವು ರಾಮನಗರಕ್ಕೆ ಬಂದವು. ಹೀಗಾಗಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದೆಂದರೇನೆಂಬುದನ್ನು ನಮ್ಮೂರಿನವರಿಗೆ ಹೊರಗಿನವರು ಕಲಿಸಬೇಕಾದುದಿಲ್ಲ. ತೊಲೆ, ಬಾಗಿಲು, ಚೌಕಟ್ಟುಗಳನ್ನು ಕಿತ್ತು ತರಬಹುದು; ದೇವರ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ತರಬಹುದು. ಏನು ಉಳಿದುಹೋಯಿತೆಂಬುದು ತಿಳಿಯುವುದು ಹೊಸ ಮನೆಯಲ್ಲಿ ಅದು ಬೇಕಾದ ದಿನ.

ನಾನು ಪಾಠ ಹೇಳುವ ಕಾಲೇಜು ಈ ಸೀಮೆಯದೇ; ಹೆಸರು ಬೇಡ. ಹಿಂದೊಬ್ಬ ಪ್ರಾಂಶುಪಾಲರು ಉತ್ಸಾಹಿಗಳು. ಕಾಲೇಜಿಗೆ ತನ್ನದೇ ಮಿಂಚಂಚೆ ಇರಬೇಕೆಂದು 2012ರಲ್ಲಿ ಒಂದು ಸರ್ವರ್ ಯಂತ್ರವನ್ನು ತರಿಸಿ, ಗ್ರಂಥಾಲಯದ ಹಿಂದಿನ ಚಿಕ್ಕ ಕೋಣೆಯಲ್ಲಿ ಸ್ಥಾಪಿಸಿದರು. ಅಂದಿನಿಂದ ನಮ್ಮ 41 ಅಂಚೆಪೆಟ್ಟಿಗೆಗಳೂ ಆ ಒಂದು ಯಂತ್ರದ ಹೊಟ್ಟೆಯಲ್ಲಿದ್ದವು. ಮಳೆಗಾಲ ಬಂದರೆ ಅದರ ಪಾಡು ನೋಡಲಾಗದು. ಸೂಪಾದಲ್ಲಿ ನಿಂತ ನೀರು ನಾಗಝರಿಯ ವಿದ್ಯುದಾಗಾರದಲ್ಲಿ ಬೆಳಕಾಗಿ ನಾಡಿಗೆಲ್ಲ ಹೋಗುತ್ತದೆ. ನಮ್ಮ ಕೋಣೆಯಲ್ಲಿ ಮಾತ್ರ ದೀಪ ಹೋದರೆ ಬರುವುದಕ್ಕೆ ಮುಹೂರ್ತ ನೋಡಬೇಕು. ಬ್ಯಾಟರಿ ಕೆಟ್ಟಿತ್ತು. ಯಂತ್ರ ಮುದಿಯಾಗಿತ್ತು. 2025ರ ಆಗಸ್ಟ್‌ನಲ್ಲಿ, ‘ಕ್ಲೌಡಿಗೆ ಹೋಗಿಬಿಡೋಣ’ ಎಂದು ಸಭೆಯಲ್ಲಿ ತೀರ್ಮಾನವಾಯಿತು. ಕ್ಲೌಡ್ ಎಂದರೆ ಮೇಘವೆಂದು ನಾನು ಅನುವಾದಿಸಿದೆ. ಮೇಘವೆಂದು ಆಕಾಶ ನೋಡಬೇಕಾಗಿಲ್ಲ. ಅದೂ ನೆಲದ ಮೇಲಿನ ಕಟ್ಟಡವೇ. ಅಲ್ಲಿ ಸಾವಿರಾರು ಯಂತ್ರಗಳಿರುತ್ತವೆ, ಬ್ಯಾಟರಿ ಸರಿಯಾಗಿರುತ್ತದೆ, ನಾವು ಬಾಡಿಗೆ ಕೊಡುತ್ತೇವೆ, ಅಷ್ಟೆ.

ಈ ಕಾರ್ಯದ ಉಸ್ತುವಾರಿ ನನ್ನ ತಲೆಗೆ ಬಂತು. ಕಂಪ್ಯೂಟರಿನಲ್ಲಿ ಕನ್ನಡ ಬೆರಳಚ್ಚು ಬಲ್ಲವನೆಂಬುದೇ ನನ್ನ ಅಪರಾಧ. ಸಾಗಾಟದ ಗುತ್ತಿಗೆ ಪಡೆದವರ ಪರವಾಗಿ ಹುಬ್ಬಳ್ಳಿಯಿಂದ ಒಬ್ಬ ತರುಣ ಬಂದಿದ್ದ. ವಿನಯಶಾಲಿ, ಚಹಾ ಎರಡು ಸಲ ಕುಡಿಯುತ್ತಿದ್ದ. ಶುಕ್ರವಾರ ಸಂಜೆ ಯಂತ್ರಕ್ಕೆ ಕೆಲಸ ಹಚ್ಚಿ ಹೋದ. ಭಾನುವಾರ ರಾತ್ರಿ ನನಗೆ ಫೋನು ಮಾಡಿದ: “ಸರ್, ಎಲ್ಲಾ ಕಂಪ್ಲೀಟ್ ಆಗೇತ್ರಿ. ಹಳೇ ಮಷೀನ್ ಅಳಿಸಿ ಕೊಟ್ಟಬಿಡ್ತೇವ್ರಿ.” ನಾನು ‘ಹಾಗೇ ಆಗಲಿ’ ಎನ್ನುವವನಿದ್ದೆ. ಅಷ್ಟರಲ್ಲಿ ದೀಪ ಹೋಯಿತು, ಫೋನೂ ಕಡಿಯಿತು. ನಮ್ಮೂರ ವಿದ್ಯುತ್ತನ್ನು ನಾನು ಬಾಯಿತುಂಬ ಹೊಗಳಿದ್ದು ಆಮೇಲೆ ಅದೊಂದೇ ಸಲ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಾಲೇಜಿನ ಮೆಟ್ಟಿಲ ಮೇಲೆ ಒಬ್ಬ ಮುದುಕರು ಕೊಡೆ ಮಡಚಿ ಕುಳಿತಿದ್ದರು. ನಮ್ಮ ಬೀದಿಯ ಕೊನೆಯ ಮನೆಯವರು. ಊರೆಲ್ಲ ಅವರನ್ನು ‘ಕಾಕಾ’ ಎನ್ನುತ್ತದೆ, ನಾನೂ ಅನ್ನುತ್ತೇನೆ. ಸೂಪಾದಿಂದ ಬಂದ ಕುಟುಂಬ. ಅವರ ತಂದೆಗೆ ಇಲ್ಲಿ ನಿವೇಶನ ಹಂಚಿಕೊಟ್ಟ ಕಾಗದವೊಂದಿತ್ತು. ಅದನ್ನು ಈಗ ಮಗನ ಹೆಸರಿಗೆ ಮಾಡಿಸಬೇಕು. ಒಂದು ಕಚೇರಿಯವರು ಕಾಗದ ತೋರಿಸಿರಿ ಎಂದಿದ್ದರು. ತಿಂಗಳ ಕೊನೆಯವರೆಗೆ ಅವಧಿ. ಪೆಟ್ಟಿಗೆ ತೆರೆದರೆ ಕಾಗದದ ಜಾಗದಲ್ಲಿ ಗೆದ್ದಲಿನ ಮಣ್ಣು.

“ಮಾಸ್ತರ್ರೇ, ನಿಮ್ಮ ಇತಿಹಾಸದ ಮಾಸ್ತರ್ರು ಅದರ ಫೋಟೋ ಹಿಡಿದಿಟ್ಟಿದ್ರು,” ಎಂದರು ಕಾಕಾ. “‘ಕಾಕಾ, ನಿಮ್ಮ ಮನಿಯಾಗ ಹೋದ್ರೂ ನನ್ನ ಕಡಿ ಇರ್ತದ’ ಅಂದಿದ್ರು.”

ಈ ಇತಿಹಾಸದ ಮೇಷ್ಟರ ವಿಷಯವನ್ನು ಎರಡು ಮಾತಿನಲ್ಲಿ ಹೇಳಬೇಕು. ನಿವೃತ್ತರಾದ ಮರುವರ್ಷವೇ ತೀರಿಕೊಂಡರು. ಬದುಕಿದ್ದಾಗ ಪ್ರತಿ ಭಾನುವಾರ ಚೀಲ ಹೆಗಲಿಗೇರಿಸಿಕೊಂಡು ಮುಳುಗಿದ ಊರುಗಳವರ ಮನೆಮನೆಗೆ ಹೋಗುತ್ತಿದ್ದರು. ಹಳೆಯ ರಸೀದಿ, ಹಂಚಿಕೆ ಪತ್ರ, ಮದುವೆಯ ಕರೆಯೋಲೆ, ಶಾಲೆಯ ಹಾಜರಿಪಟ್ಟಿ - ಏನು ಸಿಕ್ಕಿದರೂ ಕಾಲೇಜಿಗೆ ತಂದು, ಸ್ಕ್ಯಾನ್ ಮಾಡಿ, ಮೂಲವನ್ನು ಮರುದಿನವೇ ಹಿಂದಿರುಗಿಸುತ್ತಿದ್ದರು. ಚಿತ್ರವನ್ನು ಇತಿಹಾಸ ವಿಭಾಗದ ಪೆಟ್ಟಿಗೆಗೆ ತಾವೇ ಪತ್ರ ಮಾಡಿ ಕಳುಹಿಸಿಕೊಳ್ಳುತ್ತಿದ್ದರು. ತಮಗೆ ತಾವೇ ಪತ್ರ ಬರೆದುಕೊಳ್ಳುವ ಮನುಷ್ಯನೆಂದು ನಾವು ನಗುತ್ತಿದ್ದೆವು. ಪೆಟ್ಟಿಗೆಯೊಳಗೆ ಫೋಲ್ಡರುಗಳನ್ನು - ಹಳೆಯ ಕಚೇರಿಯ ಮಾತಿನಲ್ಲಿ ಕಡತಗಳನ್ನು - ಮಾಡಿ, ಊರೂರಿನ ಹೆಸರು ಬರೆದು ಜೋಡಿಸಿದ್ದರು. ಎಲ್ಲ ಕನ್ನಡದಲ್ಲಿ. ಈ ಮಾತನ್ನು ವಾಚಕರು ನೆನಪಿಟ್ಟಿರಬೇಕು.

ಕಾಕಾರನ್ನು ಕುಳ್ಳಿರಿಸಿ ಹೊಸ ಪೆಟ್ಟಿಗೆಯನ್ನು ತೆರೆದೆ. ಬಂದ ಪತ್ರಗಳಿದ್ದವು, ಕಳುಹಿಸಿದ ಪತ್ರಗಳಿದ್ದವು. ಕಡತಗಳಿರಲಿಲ್ಲ. ಒಂದೂ ಇರಲಿಲ್ಲ. “ನಾಳೆ ಬನ್ನಿ ಕಾಕಾ” ಎಂದೆ. ಕಚೇರಿಗಳಲ್ಲಿ ಈ ಮಾತನ್ನು ಅವರು ಎಷ್ಟು ಸಲ ಕೇಳಿದ್ದರೋ. ಒಂದೂ ಮಾತಾಡದೆ ಕೊಡೆ ಬಿಚ್ಚಿಕೊಂಡು ಹೋದರು. ನಾನು ಮೊದಲು ಮಾಡಿದ ಕೆಲಸವೆಂದರೆ ಗ್ರಂಥಾಲಯದ ಹಿಂದಿನ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಕಿಸೆಗೆ ಸೇರಿಸಿದ್ದು. ಗುಮಾಸ್ತರು ಆಗಲೇ ಯಂತ್ರವನ್ನು ಗುಜರಿಯ ಪಟ್ಟಿಗೆ ಏರಿಸಿದ್ದರು.

ಇನ್ನು ಮುಂದಿನದನ್ನು ಹೇಳುವ ಮೊದಲು ಮಿಂಚಂಚೆಯ ಮನೆಯೊಳಗಣ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕು. ಪಾಠ ಹೇಳುವವನ ಚಟವೆಂದು ಕ್ಷಮಿಸಬೇಕು. ಅಂಚೆಯಿಂದ ಪತ್ರ ಪಡೆಯುವುದಕ್ಕೆ ಎರಡು ಬಗೆ. ಒಂದು, ಅಂಚೆಮನೆಗೆ ಹೋಗಿ ಪತ್ರಗಳನ್ನು ಮನೆಗೆ ತಂದುಬಿಡುವುದು; ಇದು ‘ಪಾಪ್’ ಎಂಬ ಪದ್ಧತಿ. ಇನ್ನೊಂದು, ಪತ್ರಗಳು ಅಂಚೆಮನೆಯ ಕಪಾಟಿನಲ್ಲೇ ಇದ್ದು, ನಾವು ಅಲ್ಲಿಯೇ ಓದಿ, ಅಲ್ಲಿಯೇ ಕಡತಗಳಲ್ಲಿ ಜೋಡಿಸಿಟ್ಟು ಬರುವುದು, ಇದು ‘ಐಮ್ಯಾಪ್’. ಅಮೆರಿಕದ ಮಾರ್ಕ್ ಕ್ರಿಸ್ಪಿನ್ ಎಂಬವರು 1986ರಲ್ಲಿ ಇದನ್ನು ರೂಪಿಸಿದರು. ನಮ್ಮ ಕಾಲೇಜಿನದು ಎರಡನೆಯ ಬಗೆ. ಆದ್ದರಿಂದ ಸಾಗಾಟದ ಯಂತ್ರವು ಮಾಡಬೇಕಾದುದಿಷ್ಟೆ: ಹಳೆಯ ಅಂಚೆಮನೆಗೆ ಹೋಗಿ ‘ನಿನ್ನಲ್ಲಿರುವ ಕಡತಗಳ ಪಟ್ಟಿ ಕೊಡು’ ಎನ್ನಬೇಕು, ಒಂದೊಂದನ್ನೇ ಹೆಸರು ಹಿಡಿದು ಕೇಳಬೇಕು, ಒಳಗಿನ ಪತ್ರಗಳನ್ನು ಎತ್ತಿ, ಹೊಸ ಅಂಚೆಮನೆಯಲ್ಲಿ ಅದೇ ಹೆಸರಿನ ಕಡತ ಮಾಡಿ ಅದರೊಳಗೆ ಇಡಬೇಕು. ಹೆಸರು ಹಿಡಿದು ಕೇಳುವುದೆಂದೆನಲ್ಲ, ಎಡವಿದ್ದು ಅಲ್ಲಿ.

ಹುಬ್ಬಳ್ಳಿಯ ತರುಣನು ವರದಿಯ ಕಡತವನ್ನೇ ನನಗೆ ಕಳುಹಿಸಿದ. ಸಾವಿರಾರು ಸಾಲುಗಳು. ಹೆಚ್ಚಿನವು ಇಂಗ್ಲಿಷ್, ಕೆಲವು ಯಾವ ಭಾಷೆಯೂ ಅಲ್ಲ. ರಾತ್ರಿ ಹನ್ನೊಂದರವರೆಗೆ ಅದನ್ನು ಓದಿದೆ. ಹಳಗನ್ನಡದ ಹಸ್ತಪ್ರತಿ ಓದುವವರಿಗೆ ಒಂದು ಅಭ್ಯಾಸವಿರುತ್ತದೆ: ಅರ್ಥವಾಗದಿದ್ದರೂ ಮರುಕಳಿಸುವ ಆಕೃತಿಯನ್ನು ಕಣ್ಣು ಹಿಡಿಯುತ್ತದೆ. ಹಾಗೆ ಹಿಡಿಯಿತು. ‘ಸೊನ್ನೆ ಪತ್ರ’ ಎಂದು ವರದಿಯಾಗಿದ್ದ ಪ್ರತಿಯೊಂದು ಕಡತದ ಹೆಸರೂ ‘&’ ಎಂಬ ಗುರುತಿನಿಂದ ಶುರುವಾಗುತ್ತಿತ್ತು, ಮತ್ತು ಅದರಾಚೆ ಬರುವ ಮೊದಲ ರೋಮನ್ ಅಕ್ಷರ ಪ್ರತಿಸಲವೂ ‘ಡಿ’. ನೂರಕ್ಕೆ ನೂರು. ಊರುಗಳೆಲ್ಲವೂ ಒಂದೇ ಅಕ್ಷರದಿಂದ ಹೇಗೆ ಆರಂಭವಾದಾವು?

ಮರುದಿನ ಇದನ್ನು ನಮ್ಮ ಗಣಿತದ ಮೇಡಮ್ ಅವರ ಮುಂದಿಟ್ಟೆ. ಅವರು ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದರು. ಗಣಕಯಂತ್ರಕ್ಕೆ ಅಕ್ಷರವೆಂದರೆ ಸಂಖ್ಯೆ. ಆದಿಯಲ್ಲಿ ಅದಕ್ಕೆ 128 ಸಂಖ್ಯೆಗಳ ಒಂದು ಪಟ್ಟಿ ಇತ್ತು. ರೋಮನ್ ಅಕ್ಷರ, ಅಂಕಿ, ಚಿಹ್ನೆಗಳಿಗೆ ಅದು ಸಾಕಾಯಿತು. ಮಿಂಚಂಚೆಯ ಹಳೆಯ ನಿಯಮಗಳೆಲ್ಲ ಆ ಪಟ್ಟಿಯನ್ನು ನಂಬಿ ಬರೆದವು. ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ ಹೊರಬಂದ ಯೂನಿಕೋಡ್ ಎಂಬ ದೊಡ್ಡ ಪಟ್ಟಿಯಲ್ಲಿ: 3200ರಿಂದ 3327ರವರೆಗಿನ ಸ್ಥಾನಗಳು. ‘ಸೂಪಾ’ ಎಂದು ನಾವು ಎರಡಕ್ಷರ ಬರೆದರೆ ಯಂತ್ರಕ್ಕೆ ಅದು ನಾಲ್ಕು ಸಂಖ್ಯೆ: ಸಕಾರ 3256, ಊಕಾರದ ಚಿಹ್ನೆ 3266, ಪಕಾರ 3242, ದೀರ್ಘದ ಚಿಹ್ನೆ 3262. ಇವನ್ನು 128ರ ಹಳೆಯ ಪಟ್ಟಿಯೊಳಗೆ ಹೇಗೆ ನುಗ್ಗಿಸುವುದು? ಅದಕ್ಕಾಗಿ ಐಮ್ಯಾಪ್ ನಿಯಮ ಬರೆದವರು 1996ರಲ್ಲಿ ಒಂದು ಉಪಾಯ ಮಾಡಿದರು. ಹೆಸರನ್ನು ರೋಮನ್ ಅಕ್ಷರಗಳ ಸಂಕೇತಭಾಷೆಗೆ ತಿರುಗಿಸುವುದು; ಸಂಕೇತ ಆರಂಭವಾಯಿತೆಂದು ಸೂಚಿಸಲು ‘&’, ಮುಗಿಯಿತೆನ್ನಲು ಒಂದು ಅಡ್ಡಗೆರೆ. ಹೀಗೆ ‘ಸೂಪಾ’ ಎಂಬುದು ಹತ್ತು ರೋಮನ್ ಅಕ್ಷರ, ಒಂದು ಅಂಕಿ, ಎರಡು ಗುರುತು, ಒಟ್ಟು ಹದಿಮೂರು ಚಿಹ್ನೆಗಳ ಸಾಲಾಗಿ ಅಡಗಿ ಕೂರುತ್ತದೆ. ಕನ್ನಡದ ಸಂಖ್ಯೆಗಳೆಲ್ಲ ಒಂದೇ ಬೀದಿಯವು. ಆದ್ದರಿಂದ ಸಂಕೇತದಲ್ಲಿ ಕನ್ನಡದ ಹೆಸರು ಯಾವುದೇ ಇರಲಿ, ‘ಡಿ’ಯಿಂದಲೇ ಮೊದಲಾಗುತ್ತದೆ. ಅಕಾರವೇ ಮೊದಲೆಂದು ಮಕ್ಕಳಿಗೆ ತಿದ್ದಿಸುವ ಭಾಷೆ ನಮ್ಮದು. ಅಂಚೆಯ ಯಂತ್ರಕ್ಕೆ ನಮ್ಮ ವರ್ಣಮಾಲೆಯೆಲ್ಲ ಡಕಾರಾದಿ!

ಓದುವ ಯಂತ್ರವು ಈ ಸಂಕೇತವನ್ನು ಬಿಚ್ಚಿ ನಮಗೆ ಕನ್ನಡದಲ್ಲೇ ತೋರಿಸುತ್ತದೆ. ಹಾಗಾಗಿ ಇತಿಹಾಸದ ಮೇಷ್ಟರಿಗೆ ಇದೊಂದೂ ತಿಳಿದಿರಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಆದರೆ ಗುತ್ತಿಗೆಯವರು ತಂದಿದ್ದ ಸಾಗಾಟದ ಯಂತ್ರ ‘&’ ಗುರುತನ್ನು ಸಂಕೇತವೆಂದು ಗುರುತಿಸಲಿಲ್ಲ; ಯಾರೋ ಕಡತದ ಹೆಸರಿನಲ್ಲಿ ನಿಜವಾಗಿಯೂ ಆ ಚಿಹ್ನೆ ಬರೆದಿದ್ದಾರೆಂದು ಭಾವಿಸಿತು. ನಿಯಮದ ಪ್ರಕಾರ ನಿಜವಾದ ಆ ಚಿಹ್ನೆಯನ್ನು ಬರೆಯುವಾಗ ಪಕ್ಕದಲ್ಲೊಂದು ಅಡ್ಡಗೆರೆ ಸೇರಿಸಬೇಕು. ಸೇರಿಸಿತು. ಹೀಗೆ ಮಾಡಿ, ಹಳೆಯ ಅಂಚೆಮನೆಗೆ ಹೋಗಿ, ತಾನೇ ತಿದ್ದಿ ಕೆಡಿಸಿದ ಹೆಸರನ್ನು ಹಿಡಿದು ಕಡತ ಕೇಳಿತು. ‘ಅಂಥ ಕಡತ ನಮ್ಮಲ್ಲಿಲ್ಲ’ ಎಂದಿತು ಹಳೆಯ ಅಂಚೆಮನೆ. ಇಲ್ಲದ ಕಡತದಲ್ಲಿ ಪತ್ರಗಳೆಷ್ಟು? ಸೊನ್ನೆ. ಸಾಗಿಸಿದ್ದೆಷ್ಟು? ಸೊನ್ನೆ. ಸೊನ್ನೆಗೆ ಸೊನ್ನೆ ತಾಳೆಯಾಯಿತು. ಬರೆ: ಸಂಪೂರ್ಣ.

ನಗು ಬರುವುದೇನೋ ಸಹಜ. ಆದರೆ ಆ ಸೊನ್ನೆಯನ್ನು ನಂಬಿ ಹಳೆಯ ಯಂತ್ರವನ್ನು ಅಳಿಸಿದ್ದರೆ, ಒಬ್ಬ ಮನುಷ್ಯ ಹತ್ತು ವರ್ಷಗಳ ಭಾನುವಾರಗಳನ್ನು ವ್ಯಯಮಾಡಿ ಕೂಡಿಸಿದ್ದೆಲ್ಲ ಅರ್ಧ ಗಂಟೆಯಲ್ಲಿ ಹೋಗುತ್ತಿತ್ತು. ಇನ್ನೊಂದು ಪೆಟ್ಟಿಗೆಯೂ ಇದೇ ಗತಿ ಕಂಡಿತ್ತು, ಅದು ನನ್ನದೇ. ನಮ್ಮ ಕನ್ನಡ ವಿಭಾಗದ ಕಡತಗಳೂ ಕನ್ನಡದಲ್ಲಿದ್ದವು. ಉಳಿದ ವಿಭಾಗಗಳವರು ಇಂಗ್ಲಿಷಿನಲ್ಲಿ ಹೆಸರಿಟ್ಟಿದ್ದರು, ಅವರಿಗೆ ಏನೂ ಆಗಲಿಲ್ಲ. ಸಿಬ್ಬಂದಿ ಕೊಠಡಿಯಲ್ಲಿ ಒಬ್ಬರು, “ಅದಕ್ಕೇ ನಾನು ಎಲ್ಲವನ್ನೂ ಇಂಗ್ಲಿಷಿನಲ್ಲೇ ಇಡುವುದು” ಎಂದರು. ನನಗೆ ಸಿಟ್ಟು ಬಂದಿತು. ಮೇಷ್ಟರ ತಪ್ಪೇನು? ನಿಯಮ ಬರೆದವರು ಕನ್ನಡದ ಹೆಸರಿಗೆ ದಾರಿ ಮಾಡಿಕೊಟ್ಟಿದ್ದಾರೆ. 2021ರಲ್ಲಿ ಬಂದ ಐಮ್ಯಾಪಿನ ಹೊಸ ಆವೃತ್ತಿಯಲ್ಲಿ ಈ ಸುತ್ತುಬಳಸಿನ ಸಂಕೇತವೂ ಬೇಡವೆಂದು, ಎಲ್ಲ ಭಾಷೆಗಳ ಹೆಸರನ್ನೂ ನೇರವಾಗಿ ಬರೆಯಲು ಅವಕಾಶವಾಗಿದೆ. ಯಂತ್ರ ಮಾಡಿದವನು ನಿಯಮ ಓದಲಿಲ್ಲ, ಕನ್ನಡದ ಒಂದು ಹೆಸರನ್ನಾದರೂ ಇಟ್ಟು ಪರೀಕ್ಷಿಸಲಿಲ್ಲ. ಮುಳುಗಿದ ಊರನ್ನು ಅದರ ಹೆಸರಿನಿಂದ ಕರೆದದ್ದು ತಪ್ಪೆನ್ನುವುದಾದರೆ ನಾವು ತರಗತಿಯ ಬಾಗಿಲು ಮುಚ್ಚಿ ಮನೆಗೆ ಹೋಗುವುದು ಲೇಸು.

ತರುಣನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ತಪ್ಪು ತೋರಿಸಿಕೊಟ್ಟಾಗ ವಾದ ಹೂಡಲಿಲ್ಲ. “ಖರೇ ಅದ ಸರ್. ನಾ ಎಣಿಸ್ಲೇ ಇಲ್ರಿ” ಎಂದ. ಬುಧವಾರ ಮೊದಲ ಬಸ್ಸಿಗೆ ಬಂದ. ಫ್ರಾನ್ಸಿನ ಜಿಲ್ ಲಾಮಿರಾಲ್ ಎಂಬವರು ಬರೆದ ‘ಐಮ್ಯಾಪ್‌ಸಿಂಕ್’ ಎಂಬ ಬೇರೊಂದು ಸಾಧನವನ್ನು ಹೂಡಿದ. ಅದು ಹೆಸರಿನ ಸಂಕೇತವನ್ನು ಕೆಡಿಸದೆ ಇದ್ದ ಹಾಗೆಯೇ ಒಯ್ಯುತ್ತದೆ. ಒಂದು ಪತ್ರವನ್ನೂ ಮುಟ್ಟದೆ, ‘ಇಂತಿಂಥದನ್ನು ಹೀಗೆ ಮಾಡುವೆ’ ಎಂದು ಮಾತ್ರ ಹೇಳುವ ತಾಲೀಮಿನ ಅನುಕೂಲವೂ ಅದರಲ್ಲುಂಟು. ಮೊದಲು ತಾಲೀಮು ನಡೆಯಿತು. ಎರಡನೆಯದಾಗಿ ಕಡತಗಳನ್ನು ಮಾತ್ರ ಖಾಲಿಯಾಗಿ ನಿರ್ಮಿಸಿ ನೋಡಿದೆವು. ಹೊಸ ಪೆಟ್ಟಿಗೆಯ ಎಡಬದಿಯಲ್ಲಿ ‘ಸೂಪಾ’ ಎಂಬ ಹೆಸರು ಕನ್ನಡದಲ್ಲಿ ಎದ್ದು ನಿಂತಾಗ ಗಣಿತದ ಮೇಡಮ್ ಅವರೂ ಚಪ್ಪಾಳೆ ತಟ್ಟಿದರು.

ಅಲ್ಲಿಯೂ ಒಂದು ಸಣ್ಣ ಚೇಷ್ಟೆ ಇತ್ತು. ಮೇಷ್ಟರು ಕೆಲವು ಕಡತಗಳಿಗೆ ‘ಪರಿಹಾರ 1984/85’ ಎಂಬಂತೆ ಹೆಸರಿಟ್ಟಿದ್ದರು. ಹಳೆಯ ಅಂಚೆಮನೆಯಲ್ಲಿ ಕಡತದೊಳಗಿನ ಕಡತವನ್ನು ಸೂಚಿಸುವುದು ಚುಕ್ಕಿ, ಹೊಸದರಲ್ಲಿ ಓರೆಗೆರೆ. ಹೀಗಾಗಿ ಹೊಸ ಅಂಚೆಮನೆಯು ‘ಪರಿಹಾರ 1984’ ಎಂಬೊಂದು ಖಾಲಿ ಕಡತ ಮಾಡಿ, ಅದರ ಹೊಟ್ಟೆಯಲ್ಲಿ ‘85’ ಎಂಬ ಮರಿಯನ್ನಿಟ್ಟಿತು. ಪತ್ರ ಕಳೆಯದಿದ್ದರೂ ಹುಡುಕುವವನಿಗೆ ಕಾಣದು. ಓರೆಗೆರೆಯನ್ನು ಅಡಿಗೆರೆಯಾಗಿ ಬದಲಿಸಿ ಅದನ್ನು ಪರಿಹರಿಸಿದೆವು.

ಸಾಗಾಟ ಆರಂಭವಾಯಿತು. ನಡುವೆ ಎರಡು ಸಲ ದೀಪ ಹೋಯಿತು, ಭಯಪಡಬೇಕಾಗಿರಲಿಲ್ಲ. ಪ್ರತಿ ಪತ್ರಕ್ಕೂ ಹುಟ್ಟುವಾಗಲೇ ಒಂದು ಗುರುತಿನ ಸಂಖ್ಯೆ ಬಂದಿರುತ್ತದೆ. ಸಾಧನವು ಮತ್ತೆ ಶುರುಮಾಡಿದಾಗ ಎರಡೂ ಕಡೆಯ ಗುರುತುಗಳನ್ನು ಹೋಲಿಸಿ, ಹೋದದ್ದನ್ನು ಬಿಟ್ಟು ಉಳಿದದ್ದನ್ನಷ್ಟೇ ಒಯ್ಯುತ್ತದೆ. ಗುರುವಾರ ಬೆಳಿಗ್ಗೆ ನಾವು ಮೂವರೂ ಕಾಗದದ ಮೇಲೆ ಎರಡು ಕಂಬಸಾಲು ಎಳೆದು, ಕಡತ ಕಡತವನ್ನೂ ಎಣಿಸಿದೆವು. ಇತಿಹಾಸ ವಿಭಾಗ: ಹಳೆಯ ಮನೆಯಲ್ಲಿ 2,316; ಮೊದಲ ಸಲ ‘ಸಂಪೂರ್ಣ’ವೆಂದಾಗ ಹೊಸ ಮನೆಯಲ್ಲಿದ್ದದ್ದು 412; ಈಗ 2,309.

ಏಳು ಕಡಿಮೆ.

“ಏಳಕ್ಕೇನು ಸರ್, ಬಿಡ್ರಿ” ಎಂದರು ಗುಮಾಸ್ತರು. ಅವರಿಗೆ ಯಂತ್ರದ ಗುಜರಿ ರಸೀದಿ ಹರಿಯಬೇಕಾಗಿತ್ತು. ನಾನು ‘ಸೂಪಾ’ ಕಡತ ತೆರೆದು ಕಾಕಾರ ಮನೆತನದ ಹೆಸರು ಹುಡುಕಿದೆ. ಮೇಷ್ಟರು ಅವರೊಡನೆ ನಡೆಸಿದ ಮಾತುಕತೆಯ ಟಿಪ್ಪಣಿಯಿತ್ತು. ಹಂಚಿಕೆ ಪತ್ರವಿರಲಿಲ್ಲ. ಅದು ಆ ಏಳರಲ್ಲಿ ಒಂದಾಗಿತ್ತು.

ಈ ಸಲ ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಹೊಸ ಅಂಚೆಮನೆಯಲ್ಲಿ ಒಂದು ಪತ್ರದ ತೂಕ 25 ಎಂ.ಬಿ. ಮೀರಬಾರದೆಂಬ ನಿಯಮ. ನಮ್ಮ ಹಳೆಯ ಯಂತ್ರಕ್ಕೆ ಅಂಥ ನಿಯಮವನ್ನೇ ಯಾರೂ ಹೇಳಿಕೊಟ್ಟಿರಲಿಲ್ಲ. ಮೇಷ್ಟರಾದರೋ ಮುಖ್ಯವಾದ ಕಾಗದಗಳನ್ನು, ಮಸಕಾದ ಮುದ್ರೆಯೂ ಓದುವಂತಾಗಲೆಂದು, ಬಹು ಸೂಕ್ಷ್ಮವಾಗಿ ಸ್ಕ್ಯಾನ್ ಮಾಡುತ್ತಿದ್ದರು. ಕಾಕಾರ ಹಂಚಿಕೆ ಪತ್ರದ ಚಿತ್ರ 19 ಎಂ.ಬಿ. ‘ಹತ್ತೊಂಬತ್ತು ಇಪ್ಪತ್ತೈದಕ್ಕಿಂತ ಕಡಿಮೆಯಲ್ಲವೆ?’ ಎಂದು ನಾನು ಕೇಳಿದೆ. ಕಡಿಮೆಯೇ. ಆದರೆ ಚಿತ್ರವೂ ಪತ್ರದೊಳಗೆ ಹೋಗುವಾಗ ರೋಮನ್ ಅಕ್ಷರಗಳ ವೇಷ ಹಾಕಬೇಕು, ಹಳೆಯ 128ರ ಪಟ್ಟಿಯ ಋಣ ಅಲ್ಲಿಯೂ ತೀರಿಲ್ಲ. ಈ ವೇಷದಲ್ಲಿ ಮೂರು ಪಾಲು ನಾಲ್ಕು ಪಾಲಾಗುತ್ತದೆ. ಹತ್ತೊಂಬತ್ತು ಇಪ್ಪತ್ತೈದನ್ನು ದಾಟಿತು, ಬಾಗಿಲಲ್ಲಿ ತಡೆದರು. ಹೆಚ್ಚು ಜೋಪಾನ ಮಾಡಿದ ಕಾಗದಗಳೇ ಹೊರಗುಳಿದವು.

ಹಳೆಯ ಯಂತ್ರ ಕೋಣೆಯಲ್ಲಿತ್ತು, ಕೀಲಿ ನನ್ನ ಕಿಸೆಯಲ್ಲಿತ್ತು. ಏಳೂ ಪತ್ರಗಳನ್ನು ಅಲ್ಲಿಯೇ ತೆರೆದು, ಚಿತ್ರಗಳನ್ನು ಬೇರ್ಪಡಿಸಿ, ಹೊಸ ಜಾಗದ ಕಡತ ಸಂಗ್ರಹದಲ್ಲಿ ಪ್ರತ್ಯೇಕವಾಗಿ ಇಟ್ಟೆವು. ಪತ್ರದ ಪೆಟ್ಟಿಗೆಯಲ್ಲಿ ‘ಚಿತ್ರ ಇಂಥಲ್ಲಿದೆ’ ಎಂಬ ಚೀಟಿ ಹಾಕಿದೆವು. ಇನ್ನೊಂದು ಪ್ರತಿ ಗ್ರಂಥಾಲಯದ ಕಪಾಟಿಗೆ ಹೋಯಿತು.

ಆ ವಾರದ ಗಲಾಟೆಯಲ್ಲಿ ಮತ್ತೊಂದು ಪೇಚು ನಡೆದಿತ್ತು, ಹೇಳಿ ಮುಗಿಸುತ್ತೇನೆ. ಪತ್ರಗಳನ್ನು ಸಾಗಿಸುವುದು ಬೇರೆ, ವಿಳಾಸ ಬದಲಿಸುವುದು ಬೇರೆ. ‘ಈ ಕಾಲೇಜಿನ ಪತ್ರಗಳನ್ನು ಇನ್ನು ಮುಂದೆ ಇಂಥ ಅಂಚೆಮನೆಗೆ ಹಾಕಿರಿ’ ಎಂಬ ಒಂದು ಸಾಲು ಅಂತರಜಾಲದ ವಿಳಾಸ ಪುಸ್ತಕದಲ್ಲಿರುತ್ತದೆ. ತರುಣ ಅದನ್ನು ಭಾನುವಾರವೇ ಬದಲಿಸಿದ್ದ. ಆದರೆ ಲೋಕದ ಯಂತ್ರಗಳು ಒಮ್ಮೆ ಓದಿದ ಸಾಲನ್ನು ಇಷ್ಟು ಹೊತ್ತೆಂದು ಮನಸ್ಸಿನಲ್ಲಿಟ್ಟುಕೊಳ್ಳುತ್ತವೆ. ನಮ್ಮ ಸಾಲಿಗೆ 86,400 ಸೆಕೆಂಡು, ಅಂದರೆ ಪೂರ್ತಿ ಒಂದು ದಿನ, ಎಂದು ಬರೆದಿತ್ತು. ಸೋಮವಾರದ ಪತ್ರಗಳಲ್ಲಿ ಕೆಲವು ಹೊಸ ಮನೆಗೂ ಕೆಲವು ಹಳೆಯ ಮನೆಗೂ ಬಂದವು. ಪರೀಕ್ಷಾ ಶುಲ್ಕದ ಸುತ್ತೋಲೆ ಹಳೆಯ ಮನೆಯ ಬಾಗಿಲಲ್ಲಿ ಬಿದ್ದಿತ್ತು. ಸಾಗಾಟಕ್ಕೆ ಎರಡು ದಿನ ಮುಂಚೆ ಆ ಅವಧಿಯನ್ನು ಐದು ನಿಮಿಷಕ್ಕೆ ಇಳಿಸಿದ್ದರೆ ಈ ತಾಪತ್ರಯವಿರುತ್ತಿರಲಿಲ್ಲ. ಯಂತ್ರ ಪೂರ್ತಿ ನಿಂತಿದ್ದರೂ ಕಳುಹಿಸುವವರ ಯಂತ್ರಗಳು ನಾಲ್ಕೈದು ದಿನ ಮತ್ತೆ ಮತ್ತೆ ಬಾಗಿಲು ತಟ್ಟಿ ನೋಡುತ್ತವೆಯೆಂದು ಆಮೇಲೆ ತಿಳಿಯಿತು. ಈ ಒಂದು ವಿಷಯದಲ್ಲಿ ಯಂತ್ರಗಳು ನಮ್ಮ ನೆಂಟರಿಗಿಂತ ಸಹನಶೀಲವಾಗಿವೆ.

ಇದೆಲ್ಲ ಆದ ಎರಡು ತಿಂಗಳಿಗೆ, 2025ರ ಅಕ್ಟೋಬರಿನಲ್ಲಿ, ಕೇಂದ್ರ ಸರಕಾರದ ಸುಮಾರು 12 ಲಕ್ಷ ನೌಕರರ ಅಂಚೆಪೆಟ್ಟಿಗೆಗಳನ್ನು ಚೆನ್ನೈ ಮೂಲದ ಜೋಹೋ ಸಂಸ್ಥೆಯ ವ್ಯವಸ್ಥೆಗೆ ಸಾಗಿಸಲಾಗಿದೆಯೆಂದು ಪತ್ರಿಕೆಗಳಲ್ಲಿ ಓದಿದೆ. ಹನ್ನೆರಡು ಲಕ್ಷ! ನಮ್ಮದು ನಲವತ್ತೊಂದು. ಆ ಪೆಟ್ಟಿಗೆಗಳಲ್ಲಿ ಕನ್ನಡ, ತಮಿಳು, ಹಿಂದಿಯ ಹೆಸರಿನ ಕಡತಗಳೆಷ್ಟಿದ್ದಾವು, ಅವನ್ನು ಎಣಿಸಿದ ಪುಣ್ಯಾತ್ಮ ಯಾರಿದ್ದಾನು ಎಂದು ಚಹಾದ ಲೋಟ ಕೈಯಲ್ಲೇ ಹಿಡಿದು ಯೋಚಿಸಿದೆ.

ಕಾಕಾ ಶುಕ್ರವಾರ ಬಂದರು. ಮುದ್ರಿಸಿದ ಹಾಳೆಯನ್ನು ಅವರ ಕೈಗಿತ್ತೆ. ಕನ್ನಡಕವನ್ನು ಧೋತರದ ಸೆರಗಿನಿಂದ ಒರೆಸಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದರು. ಓದಲಿಲ್ಲ, ನೋಡಿದರು. ಕೆಳಗಿನ ಮೂಲೆಯಲ್ಲಿ ಅವರ ತಂದೆಯ ಹೆಬ್ಬೆಟ್ಟಿನ ಗುರುತು ಗೆರೆಗೆರೆಯಾಗಿ ಮೂಡಿತ್ತು. ಮೇಷ್ಟರ ಹತ್ತೊಂಬತ್ತು ಎಂ.ಬಿ. ವ್ಯರ್ಥವಾಗಿರಲಿಲ್ಲ.

“ಮಾಸ್ತರ್ರೇ, ಇದು ಅಸಲಿಯೋ ನಕಲೋ?”

“ನಕಲು, ಕಾಕಾ.”

“ಅಸಲಿ ಗೆದ್ದಲು ತಿಂದಿತಲ್ಲ. ಹಂಗಾದ್ರ ಇನ್ನು ಇದೇ ಅಸಲಿ,” ಎಂದು ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಅದನ್ನು ಇನ್ನೊಂದು ಚೀಲದಲ್ಲಿಟ್ಟು, ಅಂಗಿಯ ಒಳಗೆ ಸೇರಿಸಿಕೊಂಡರು. ಹೊರಗೆ ಮಳೆ ಹಿಡಿದಿತ್ತು. ಕಚೇರಿಯವರು ಆ ನಕಲನ್ನು ಒಪ್ಪಿ, ತಮ್ಮಲ್ಲಿದ್ದ ದಾಖಲೆಯೊಡನೆ ತಾಳೆ ನೋಡಲು ಅದರ ಮೇಲಿನ ಸಂಖ್ಯೆಯನ್ನು ಬರೆದುಕೊಂಡರಂತೆ. ಕೆಲಸ ಇನ್ನೂ ನಡೆಯುತ್ತಿದೆ; ಕಾಕಾ ಇನ್ನೂ ಕೊಡೆ ಹಿಡಿದು ಹೋಗಿಬರುತ್ತಿದ್ದಾರೆ.

ಹಳೆಯ ಯಂತ್ರ ಈಗ ನನ್ನ ಮೇಜಿನ ಕೆಳಗಿದೆ. ಕಾಲು ಚಾಚಲು ಜಾಗವಿಲ್ಲ. ಅದರ ಬೆನ್ನ ಮೇಲೆ ‘ಮಾರತಕ್ಕದ್ದಲ್ಲ’ ಎಂದು ದಪ್ಪ ಅಕ್ಷರಗಳಲ್ಲಿ ಬರೆದು ಅಂಟಿಸಿದ್ದೇನೆ. ಗುಮಾಸ್ತರು ಪ್ರತಿ ಸೋಮವಾರ ಬಂದು ಆ ಚೀಟಿಯನ್ನು ಓದಿ, ಗುಜರಿಯ ಪಟ್ಟಿಯಲ್ಲಿ ಆ ಸಾಲನ್ನು ಮುಂದಿನ ವಾರಕ್ಕೆ ತಳ್ಳಿ ಹೋಗುತ್ತಾರೆ.